ಡಬ್ಬಿ ಹೊಸದು, ರಬ್ಬರು ಹಳೆಯದು: ಒಂದು ಯೆಜ್ಡಿ ದುರಸ್ತಿಯ ಪ್ರಕರಣ

ಹೊಸ ಪಿಸ್ಟನ್ ಹಾಕಿದ ಮೇಲೂ ಎರಡು ಸಲ ಜಾಮ್ ಆದ, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಂಡ, ಒಂದು ಬೈಕ್ ಎಂಜಿನ್ನಿನ ಪ್ರಕರಣ ಇದು. ಗಾಡಿ 1980ರ ದಶಕದ ಮಧ್ಯಭಾಗದ ಯೆಜ್ಡಿ 250. ಸ್ಥಳ ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯ ಒಂದು ಊರು. ಗುರುತು ಸಿಗಬಾರದೆಂದು ಹೆಸರುಗಳನ್ನೆಲ್ಲ ಬಿಟ್ಟಿದ್ದೇನೆ. ಗಾಡಿಯ ಮಾಲೀಕರು ಶಾಲಾ ಶಿಕ್ಷಕರು, ಅವರನ್ನು ಮೇಷ್ಟ್ರು ಎನ್ನುತ್ತೇನೆ. ಅವರ ಜೊತೆ ಕೈ ಜೋಡಿಸಿದ ಅಕ್ಕನ ಮಗ ಇಲ್ಲಿ ಅಳಿಯ. ಸಿಲಿಂಡರ್ ಬೋರ್ ಮಾಡಿಕೊಟ್ಟವರು, ಅಂದರೆ ಅದರ ಒಳಗೋಡೆ ಕೊರೆದು ಹಿಗ್ಗಿಸಿಕೊಟ್ಟವರು, ಲೇತ್ ಮಿಸ್ತ್ರಿ. ನಾನು ಐಟಿಐಯಲ್ಲಿ ವಾಹನ ದುರಸ್ತಿ ಕಲಿಸಿ ನಿವೃತ್ತನಾದವನು. ಎರಡನೆಯ ಜಾಮ್ ಆದ ಮೇಲೆ ಮೇಷ್ಟ್ರು ನನ್ನನ್ನು ಕರೆದರು. ಅದಕ್ಕೂ ಹಿಂದಿನದನ್ನು ಮೇಷ್ಟ್ರು ಬರೆದಿಟ್ಟಿದ್ದ ನೋಟ್ ಪುಸ್ತಕ ನೋಡಿ, ಮೂವರನ್ನೂ ಬೇರೆ ಬೇರೆಯಾಗಿ ಕೇಳಿ ಇಲ್ಲಿ ಜೋಡಿಸಿದ್ದೇನೆ.

ಗಾಡಿಯ ಹಿನ್ನೆಲೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಗಾಡಿಗಳು, 1970ರ ದಶಕದಿಂದ ಯೆಜ್ಡಿ ಹೆಸರಿನ ಗಾಡಿಗಳು ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿಂದೀಚೆಗೆ ಈ ಗಾಡಿಗಳ ಬಿಡಿಭಾಗಗಳು ಮೂರು ಬಗೆಯಲ್ಲಿ ಸಿಗುತ್ತವೆ: ಹಳೆಯ ಗಾಡಿಯಿಂದ ಬಿಚ್ಚಿದವು, ಈಚೆಗೆ ಬೇರೆಯವರು ತಯಾರಿಸಿದವು, ಮತ್ತು ಆ ಕಾಲದಲ್ಲೇ ತಯಾರಾಗಿ ಯಾವುದೋ ಅಂಗಡಿಯ ಅಟ್ಟದಲ್ಲಿ ಡಬ್ಬಿ ಒಡೆಯದೆ ಉಳಿದವು. ಮೂರನೆಯ ಬಗೆಗೆ ಬೆಲೆಯೂ ಹೆಚ್ಚು, ಗೌರವವೂ ಹೆಚ್ಚು. ಈ ಪ್ರಕರಣದ ಗಂಟು ಇರುವುದು ಆ ಮೂರನೆಯ ಬಗೆಯಲ್ಲಿಯೇ.

ಗಾಡಿ ಮೇಷ್ಟ್ರ ತಂದೆಯದು. ಭತ್ತದ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತರಾಗಿದ್ದ ಅವರು ಕಾರಟಗಿ, ಸಿಂಧನೂರು, ಕನಕಗಿರಿಯ ರೈತರ ಮನೆಗಳನ್ನು ಇದೇ ಗಾಡಿಯಲ್ಲಿ ಸುತ್ತಿದವರು. ಅವರಿಗೆ ವಯಸ್ಸಾದ ಮೇಲೆ ಗಾಡಿ ಹಿತ್ತಲಿನ ತಗಡಿನ ಶೆಡ್ಡಿಗೆ ಸೇರಿತು. ತಂದೆ ತೀರಿಕೊಂಡು ವರ್ಷ ಕಳೆದ ಮೇಲೆ ಮೇಷ್ಟ್ರು ಅದನ್ನು ಮತ್ತೆ ರಸ್ತೆಗೆ ತರಲು ಹೊರಟರು. ಗುಜರಿಯವನಿಗೆ ಕೊಡುವ ಮಾತು ಮನೆಯಲ್ಲಿ ಒಮ್ಮೆ ಬಂದಿತ್ತಂತೆ. ಅವರ ತಾಯಿ ಒಪ್ಪಲಿಲ್ಲ.

ಶೆಡ್ಡಿನಲ್ಲಿ ಇದ್ದದ್ದು ಸ್ಪ್ಯಾನರ್ ಸೆಟ್ಟು, ಒಂದು ಬೆಂಚ್ ವೈಸ್, ಫೀಲರ್ ಗೇಜ್, ಬ್ಯಾಟರಿ ಚಾರ್ಜರ್, ಅಳಿಯನ ಮೊಬೈಲ್ ಕ್ಯಾಮೆರಾ. ಮನೆಯ ಕೆಲಸಕ್ಕೆ ಇಷ್ಟು ಸಾಕು. ಕೊರತೆ ಇದ್ದದ್ದು ಉಪಕರಣದಲ್ಲಿ ಅಲ್ಲ, ಕೆಲಸದ ಕ್ರಮದಲ್ಲಿ.

ಮೊದಲ ನಿರ್ಧಾರಗಳು

ಬೇಸಿಗೆ ರಜೆ ಶುರುವಾದೊಡನೆ ಮಾವ ಮತ್ತು ಅಳಿಯ ಇಡೀ ಗಾಡಿಯನ್ನು ಬಿಚ್ಚಿ ಹರಡಿದರು. ಪ್ರತಿ ಹಂತದ ಫೋಟೊ ತೆಗೆದರು, ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿದರು. ಇದನ್ನು ಮೆಚ್ಚಲೇಬೇಕು. ಮನೆಯಲ್ಲಿ ಬಿಚ್ಚಿದ ಎಷ್ಟೋ ಗಾಡಿಗಳು ಗೋಣಿಚೀಲದಲ್ಲಿ ಮುಗಿಯುವುದು ಚೀಟಿ ಅಂಟಿಸದ ಕಾರಣಕ್ಕೆ.

ಆದರೆ ಬಿಚ್ಚುವ ಮೊದಲು ಗಾಡಿಯನ್ನು ಓದುವ ಕೆಲಸ ಆಗಲಿಲ್ಲ. ನಿಂತ ಎಂಜಿನ್ ಕೂಡ ಬಹಳಷ್ಟು ಹೇಳುತ್ತದೆ. ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಬಹುದು. ಎಡಗಡೆಯ ಪೆಟ್ಟಿಗೆಯಲ್ಲಿ ಗೇರ್ ಆಯಿಲ್ ಎಷ್ಟು ಉಳಿದಿದೆ ಎಂದು ಅಳೆಯಬಹುದು. ಡೈನಮೊ ಕವಚ ತೆಗೆದರೆ ಒಳಗೆ ಎಣ್ಣೆ ಪಸೆ ಇದೆಯೇ, ಒಣಗಿದೆಯೇ ತಿಳಿಯುತ್ತದೆ. ಎರಡು ಸೈಲೆನ್ಸರ್‌ಗಳಲ್ಲಿ ಕಟ್ಟಿದ ಮಸಿ ಒಂದೇ ತೆರನಾಗಿದೆಯೇ ಎಂದು ನೋಡಬಹುದು. ಈ ಸಾಕ್ಷ್ಯಗಳೆಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ ಕ್ಷಣಕ್ಕೆ ಅಳಿಸಿಹೋಗುತ್ತವೆ. ಮೇಷ್ಟ್ರ ನೋಟ್ ಪುಸ್ತಕದಲ್ಲಿ ಮೊದಲ ಪುಟದಿಂದಲೇ ಬೇಕಾದ ಭಾಗಗಳ ಪಟ್ಟಿ ಇದೆ. ಬಿಚ್ಚುವಾಗ ಏನು ಕಂಡಿತೆಂಬ ಒಂದು ಸಾಲೂ ಇಲ್ಲ.

ಎರಡನೆಯ ನಿರ್ಧಾರ ಬಣ್ಣದ್ದು. ಎಂಜಿನ್ ಇನ್ನೂ ಲೇತಿನ ಅಂಗಡಿಯಲ್ಲಿ ಇರುವಾಗಲೇ ಚಾಸಿ, ಮಡ್‌ಗಾರ್ಡ್, ಟ್ಯಾಂಕ್ ಎಲ್ಲಕ್ಕೂ ಬಣ್ಣ ಹೊಡೆಸಿದರು. ಮನಸ್ಸಿಗೆ ಹುರುಪು ಬೇಕಿತ್ತು ಎಂದು ಮೇಷ್ಟ್ರು ಹೇಳಿದರು. ಅದು ನನಗೆ ಅರ್ಥವಾಗುತ್ತದೆ. ಆದರೆ ಮುಂದೆ ಎಂಜಿನ್ನನ್ನು ಮತ್ತೆ ಮತ್ತೆ ಇಳಿಸಿ ಏರಿಸುವಾಗ ಚಾಸಿಯ ಕೆಳಕೊಳವೆಯ ಬಣ್ಣ ಪೂರ್ತಿ ಕೆತ್ತಿಹೋಯಿತು. ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳಿ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದದ್ದು ಇದೇ ಕಾರಣಕ್ಕೆ. ಟೂಲ್ ಪೆಟ್ಟಿಗೆಯ ಮುಚ್ಚಳಕ್ಕೆ ಮಾತ್ರ ಹೊಸ ಬಣ್ಣ ಬೀಳಲಿಲ್ಲ. ಅದರ ಮೇಲೆ ತಂದೆಯ ಕೈಚೀಲದ ಕೊಕ್ಕೆ ಉಜ್ಜಿ ಉಜ್ಜಿ ಆದ ಗೆರೆಗಳಿದ್ದವು. “ಅದನ್ನು ಮುಟ್ಟಬೇಡ” ಎಂದರಂತೆ ತಾಯಿ.

ಮೂರನೆಯದು ಒಳ್ಳೆಯ ನಿರ್ಧಾರ, ಅದರ ಫಲ ಬಹಳ ಮುಂದೆ ಸಿಕ್ಕಿತು. ಚಾಸಿಯನ್ನು ಉಜ್ಜಲು ಕೊಡುವ ಮೊದಲು ಹ್ಯಾಂಡಲ್ ಕೂರುವ ಕತ್ತಿನ ಬಳಿ ಒತ್ತಿರುವ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು, ಫೋಟೊ ತೆಗೆದರು, ಆ ಜಾಗಕ್ಕೆ ಟೇಪ್ ಸುತ್ತಿ ಪುಟ್ಟಿ ಬೀಳದಂತೆ ನೋಡಿಕೊಂಡರು. ಎಂಜಿನ್ ನಂಬರಿಗೂ ಹಾಗೆಯೇ ಮಾಡಿದರು.

ಟ್ಯಾಂಕಿನ ಒಳಗೆ ತುಕ್ಕು ಕಟ್ಟಿತ್ತು. ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಬಿಸಿನೀರಿನಲ್ಲಿ ಕರಗಿಸಿ ತುಂಬಿ ಒಂದು ದಿನ ಬಿಟ್ಟರು. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ಗಲಬರಿಸಿ, ಮೇ ತಿಂಗಳ ಬಿಸಿಲಿಗೆ ಬಾಯಿ ತೆರೆದಿಟ್ಟು, ಒಣಗಿದ ತಕ್ಷಣ ಒಳಗೆ ಎಣ್ಣೆ ಸವರಿದರು. ಆ ತಕ್ಷಣ ಎಂಬುದು ಮುಖ್ಯ. ಹುಳಿಯಿಂದ ಬೆಳಗಿದ ಕಬ್ಬಿಣ ಹಾಗೇ ಬಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ.

ಸಿಲಿಂಡರ್ ಸವೆದಿತ್ತು. ಲೇತ್ ಮಿಸ್ತ್ರಿ ಅದನ್ನು ಮುಂದಿನ ಅಳತೆಗೆ ಬೋರ್ ಮಾಡಿ, ಹೋನ್ ಮಾಡಿ (ಒಳಗೋಡೆ ಉಜ್ಜಿ ನಯಗೊಳಿಸಿ), ಹೊಸ ಪಿಸ್ಟನ್ ಕೂರಿಸಿಕೊಟ್ಟರು. ಬೇರಿಂಗುಗಳು ಹೊಸವು. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ಶಾಫ್ಟಿನ ಎರಡೂ ತುದಿಯ ಆಯಿಲ್ ಸೀಲುಗಳನ್ನು (ರಬ್ಬರಿನ ಉಂಗುರಗಳು) ಮಾತ್ರ ಮೇಷ್ಟ್ರು ತುಂಬಾ ಹುಡುಕಿ, ದೂರದ ಊರಿನ ಹಳೆಯ ದಾಸ್ತಾನಿನ ವ್ಯಾಪಾರಿಯಿಂದ ತರಿಸಿದರು. ಆ ಕಾಲದ ಮುದ್ರೆಯಿದ್ದ ರಟ್ಟಿನ ಡಬ್ಬಿ, ಒಳಗೆ ಮೇಣದ ಕಾಗದ, ಅದರೊಳಗೆ ಬಳಸದ ಸೀಲು. ಮಾಮೂಲಿ ಸೀಲಿನ ಬೆಲೆಗಿಂತ ಹತ್ತು ಪಟ್ಟಿಗೂ ಹೆಚ್ಚು ಕೊಟ್ಟಿದ್ದರು. ತಂದೆಯ ಗಾಡಿಗೆ ಅಸಲಿ ಭಾಗವೇ ಬೀಳಬೇಕೆಂಬ ಆಸೆ ಅವರದು.

ಮೊದಲ ಜಾಮ್

ಗಾಡಿ ಸುಲಭವಾಗಿ ಸ್ಟಾರ್ಟ್ ಆಯಿತು. ಕಿಡಿ ಹಾರಿಸುವ ಪಾಯಿಂಟುಗಳ ಸಂದು 0.4 ಮಿಲಿಮೀಟರ್, 6 ವೋಲ್ಟಿನ ಹೊಸ ಬ್ಯಾಟರಿ. ಹೊಸ ಬೋರ್ ಆದ್ದರಿಂದ ಲೀಟರ್ ಪೆಟ್ರೋಲಿಗೆ ವಾಡಿಕೆಯ 40 ಮಿಲಿಲೀಟರ್ ಬದಲು 50 ಮಿಲಿಲೀಟರ್ ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಬೆರೆಸುವ ಎಣ್ಣೆ) ಹಾಕಿದ್ದರು. ಕಿಕ್ ಹೊಡೆದು, ಅದೇ ಕಿಕ್ಕನ್ನು ಮುಂದಕ್ಕೆ ತಿರುಗಿಸಿ ಗೇರ್ ಮಾಡಿಕೊಂಡು ಮೇಷ್ಟ್ರು ಓಣಿಯಲ್ಲಿ ಹೋದಾಗ ನೆರೆಯವರೆಲ್ಲ ಹೊರಗೆ ಬಂದಿದ್ದರಂತೆ.

ಆ ದಿನಗಳಲ್ಲೇ ಅಳಿಯ ಒಂದು ಮಾತು ಹೇಳಿದ್ದ: “ಮಾವ, ಎಕ್ಸಲರೇಟರ್ ಬಿಟ್ಟ ಮೇಲೂ ಗಾಡಿ ಸ್ವಲ್ಪ ಹೊತ್ತು ಕೂಗುತ್ತಲೇ ಇರುತ್ತದೆ.” ಕೇಬಲ್ ಬಿಗಿಯಾಗಿರಬೇಕು ಎಂದುಕೊಂಡು ಕೇಬಲ್ಲಿಗೆ ಎಣ್ಣೆ ಬಿಟ್ಟರು. ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಯುಳ್ಳ ಸಾಕ್ಷ್ಯ ಇದಾಗಿತ್ತು. ಹದಿನೆಂಟು ವರ್ಷದ ಹುಡುಗ ಹೇಳಿದ್ದರಿಂದ ಅದು ನೋಟ್ ಪುಸ್ತಕದಲ್ಲಿ ದಾಖಲಾಗಲಿಲ್ಲ.

ಕನಕಗಿರಿ ರಸ್ತೆಯಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ಗಾಡಿ ಮೂರನೆಯ ಗೇರಿನಿಂದ ನಾಲ್ಕಕ್ಕೆ ಬಂದು ಸ್ವಲ್ಪ ದೂರ ಓಡಿದ ಮೇಲೆ ಹಿಂದಿನ ಚಕ್ರ ಕಟ್ಟಿತು. ಮೇಷ್ಟ್ರು ಕ್ಲಚ್ ಹಿಡಿದದ್ದರಿಂದ ಬೀಳಲಿಲ್ಲ. ಗಾಡಿ ಟಂಟಂನಲ್ಲಿ ಮನೆಗೆ ಬಂತು.

ಮೂರು ಊಹೆ

ಎಲ್ಲರೂ ಮೊದಲು ಬೊಟ್ಟು ಮಾಡಿದ್ದು ಲೇತ್ ಮಿಸ್ತ್ರಿಯ ಕಡೆಗೆ. ಬೋರ್ ಬಿಗಿ ಮಾಡಿದ್ದಾರೆ, ಬಿಸಿಯಾದಾಗ ಪಿಸ್ಟನ್ ಹಿಗ್ಗಲು ಜಾಗವಿಲ್ಲ ಎಂಬುದು ವಾದ. ಊಹೆ ಅಸಂಬದ್ಧವೇನಲ್ಲ. ಹೊಸ ಬೋರ್ ಜಾಮ್ ಆಗುವುದಕ್ಕೆ ಸಾಮಾನ್ಯ ಕಾರಣ ಅದೇ. ಲೇತ್ ಮಿಸ್ತ್ರಿ ಮಾತಿಗೆ ಮಾತು ಬೆಳೆಸಲಿಲ್ಲ. ಪಿಸ್ಟನ್ ತರಿಸಿಕೊಂಡು ಬೆಳಕಿಗೆ ಹಿಡಿದರು. “ಮೇಷ್ಟ್ರೇ, ಬೋರ್ ಬಿಗಿಯಾಗಿದ್ದರೆ ಗೀರು ಸುತ್ತಲೂ ಬೀಳಬೇಕು. ಇಲ್ಲಿ ನೋಡಿ, ಸೈಲೆನ್ಸರ್ ಕಡೆ ಮಾತ್ರ ಬಿದ್ದಿದೆ. ನೆತ್ತಿ ಬೂದುಬಿಳಿ ಆಗಿದೆ. ಇದು ಕಾದು ಹಿಡಿದದ್ದು” ಎಂದರು.

ಅವರ ಓದು ಸರಿಯಾಗಿತ್ತು. ಪಿಸ್ಟನ್ನಿನ ಗೀರುಗಳು ಎಲ್ಲಿವೆ ಎಂಬುದೇ ಜಾಮ್‌ನ ಹೇಳಿಕೆ. ಸುತ್ತಲೂ ನಾಲ್ಕು ಕಡೆ ಗೀರಿದ್ದರೆ ಸಂದು ಕಡಿಮೆ, ಅಥವಾ ತಣ್ಣನೆಯ ಎಂಜಿನ್ನನ್ನು ಒಮ್ಮೆಲೇ ಎಳೆದಿದ್ದಾರೆ. ಹೊಗೆ ಹೋಗುವ ಕಡೆ ಮಾತ್ರ ಇದ್ದರೆ ಆ ಬದಿ ಅತಿಯಾಗಿ ಕಾದಿದೆ. ಪ್ಲಗ್ ಇಟ್ಟಂಗಿ ಕಂದು ಬಣ್ಣದಲ್ಲಿ ಇರಬೇಕಾದದ್ದು ಸುಣ್ಣದ ಬಿಳುಪಾಗಿತ್ತು. ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ.

ಇಲ್ಲಿಯವರೆಗೆ ದಾರಿ ಸರಿಯಿತ್ತು. ಮುಂದಿನ ಹೆಜ್ಜೆಯಲ್ಲಿ ಮತ್ತೊಂದು ಊಹೆ ಬಂತು. ಈಗಿನ ಪೆಟ್ರೋಲಿಗೆ ಶೇ. 20ರವರೆಗೆ ಎಥನಾಲ್ ಬೆರೆಯುತ್ತದೆ. ಎಥನಾಲ್ ಪೂರ್ತಿ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಹಾಗಾಗಿ ಹಳೆಯ ಜೆಟ್ಟಿನಲ್ಲಿ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ತೂತು) ಅದೇ ಪ್ರಮಾಣ ಹರಿದರೆ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಯ ಪಾಲು ಹೆಚ್ಚಾಗುತ್ತದೆ. ಈ ಮಾತೂ ನಿಜವೇ. ಮೇಷ್ಟ್ರು ಕಾರ್ಬೊರೇಟರಿನ ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿದರು. ಲೇತ್ ಮಿಸ್ತ್ರಿ ಬೋರಿನ ಗೀರು ತೆಗೆದು, ಮತ್ತೊಂದು ಪಿಸ್ಟನ್ ಹೊಂದಿಸಿಕೊಟ್ಟರು.

ಸಮಸ್ಯೆ ಹೋದಂತೆ ಕಂಡಿತು. ಊರೊಳಗಿನ ಓಡಾಟದಲ್ಲಿ ಗಾಡಿ ಚೆನ್ನಾಗಿತ್ತು. ಪ್ಲಗ್ ಕಪ್ಪಾಗಿ ಬರುತ್ತಿತ್ತು, ಹೊಗೆ ಹೆಚ್ಚಿತ್ತು. ನಿಜವಾದ ಕಾರಣ ಹಾಗೇ ಇದ್ದು ಅದರ ಮೇಲೆ ಹೆಚ್ಚಿನ ಪೆಟ್ರೋಲ್ ಸುರಿದಾಗ ಆಗುವುದು ಹೀಗೆಯೇ: ನಿಧಾನದ ಓಟದಲ್ಲಿ ಮಿಶ್ರಣ ದಪ್ಪ, ವೇಗದ ಓಟದಲ್ಲಿ ಮತ್ತೆ ತೆಳು. ಸ್ವಲ್ಪ ದಿನಗಳ ನಂತರ ಆನೆಗೊಂದಿ ಕಡೆಗೆ ಹೋಗುವಾಗ ಎಂಜಿನ್ ಎಳೆತ ಕಳೆದುಕೊಂಡು ಬಿಗಿಯತೊಡಗಿತು. ಈ ಸಲ ಮೇಷ್ಟ್ರು ಎಚ್ಚರದಿಂದಿದ್ದರು, ಚಕ್ರ ಕಟ್ಟುವ ಮೊದಲೇ ಕ್ಲಚ್ ಹಿಡಿದು ನಿಲ್ಲಿಸಿದರು. ಅರೆ ಜಾಮ್. ಗೀರುಗಳು ಅದೇ ಕಡೆ.

ಮೂರನೆಯ ಊಹೆಯೂ ಆಗಲೇ ತಯಾರಿತ್ತು. ಇನ್ನೂ ದೊಡ್ಡ ಜೆಟ್ ಹಾಕಿ, ಇಲ್ಲವೇ ಕಾರ್ಬೊರೇಟರನ್ನೇ ಬದಲಿಸಿ ಎಂದು ಸಲಹೆ ಕೊಟ್ಟವರಿದ್ದರು. ಮೇಷ್ಟ್ರು ಅಷ್ಟರಲ್ಲಿ ಸೋತಿದ್ದರು. ನಾನು ಬಂದದ್ದು ಆಗ.

ಬಿಚ್ಚದೆ ಕೂತ ದಿನ

ನಾನು ಕೇಳಿದ್ದು ಒಂದೇ: ಕಾರಣ ಕಣ್ಣಿಗೆ ಕಾಣುವವರೆಗೆ ಯಾವ ಭಾಗವನ್ನೂ ಕೊಳ್ಳುವುದಿಲ್ಲ, ಎಂಜಿನ್ ಬಿಚ್ಚುವುದಿಲ್ಲ ಎಂದು ಒಪ್ಪಿಕೊಳ್ಳಿ. ಆಮೇಲೆ ಮೂವರನ್ನೂ ಕೂರಿಸಿ ಗಾಡಿ ಹೇಗೆ ನಡೆದುಕೊಂಡಿತೆಂದು ಕೇಳಿದೆ. ಅಳಿಯನ ಮಾತು ಆಗ ಮತ್ತೆ ಹೊರಗೆ ಬಂತು. ಎಕ್ಸಲರೇಟರ್ ಬಿಟ್ಟ ಮೇಲೂ ಎಂಜಿನ್ ಕೂಗುತ್ತಿದ್ದರೆ, ಕೇಬಲ್ ಸರಿಯಿದ್ದರೆ, ಕಾರ್ಬೊರೇಟರ್ ಬಾಯಿ ಮುಚ್ಚಿದ ಮೇಲೂ ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ ಎಂದೇ ಸಂಶಯಪಡಬೇಕು.

ಇದು ಏಕೆ ಇಷ್ಟು ಅಪಾಯಕರ ಎಂದು ತಿಳಿಯಲು ಟೂ-ಸ್ಟ್ರೋಕ್ ಎಂಜಿನ್ನಿನ ಹೊಟ್ಟೆಯೊಳಗೆ ನೋಡಬೇಕು. ಇಲ್ಲಿ ಪೆಟ್ರೋಲ್, ಗಾಳಿ, ಆಯಿಲ್ ಮೂರೂ ಬೆರೆತ ಮಿಶ್ರಣ ನೇರ ಸಿಲಿಂಡರಿಗೆ ಹೋಗುವುದಿಲ್ಲ. ಪಿಸ್ಟನ್ ಮೇಲೇರಿದಾಗ ಅದು ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆಗೆ ಹೀರಲ್ಪಡುತ್ತದೆ. ಪಿಸ್ಟನ್ ಇಳಿದಾಗ ಅಲ್ಲಿ ಒತ್ತಲ್ಪಟ್ಟು ಪಕ್ಕದ ದಾರಿಗಳಿಂದ ಮೇಲಕ್ಕೆ ಚಿಮ್ಮುತ್ತದೆ. ಆದ್ದರಿಂದ ಕ್ರ್ಯಾಂಕ್ ಪೆಟ್ಟಿಗೆ ಗಾಳಿಯಾಡದಂತೆ ಇರಲೇಬೇಕು. ಕ್ರ್ಯಾಂಕ್ ಶಾಫ್ಟಿನ ಎರಡು ತುದಿಗಳು ಹೊರಗೆ ಬರುವ ಕಡೆ ಆ ಕೆಲಸ ಮಾಡುವುದು ಎರಡು ರಬ್ಬರ್ ಸೀಲುಗಳು.

ಯೆಜ್ಡಿಯಲ್ಲಿ ಎಡಗಡೆ ಕ್ಲಚ್ಚು, ಪ್ರೈಮರಿ ಚೈನು, ಗೇರ್ ಆಯಿಲ್. ಆ ಕಡೆಯ ಸೀಲು ಹೋದರೆ ಎಂಜಿನ್ ಗೇರ್ ಆಯಿಲ್ ಕುಡಿಯುತ್ತದೆ, ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಬಲಗಡೆ ಡೈನಮೊ, ಅಲ್ಲಿ ಒಣ ಗಾಳಿ. ಆ ಕಡೆಯ ಸೀಲು ಹೋದರೆ ಹೊಗೆಯಿಲ್ಲ, ಸೋರಿಕೆಯಿಲ್ಲ, ಸದ್ದಿಲ್ಲ. ಒಳಗೆ ಸೇರಿದ ಗಾಳಿಗೆ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ. ವೇಗ ಹೆಚ್ಚಿದಂತೆ ಪಿಸ್ಟನ್ ಕಾಯುತ್ತದೆ, ಕೊನೆಗೆ ಹಿಡಿಯುತ್ತದೆ.

“ಆದರೆ ಸೀಲು ಹೊಸದು ಹಾಕಿದ್ದೇನಲ್ಲ ಸರ್, ಅದೂ ಅಸಲಿ” ಎಂದರು ಮೇಷ್ಟ್ರು. ಹೊಸದು ಎಂಬ ಕಾರಣಕ್ಕೆ ಒಂದು ಭಾಗವನ್ನು ಸಂಶಯದ ಪಟ್ಟಿಯಿಂದ ಕೈಬಿಡುವುದು ನಾನು ಎಷ್ಟೋ ವಿದ್ಯಾರ್ಥಿಗಳಲ್ಲಿ ಕಂಡ ಅಭ್ಯಾಸ. ಹೊಸದಾಗಿ ಮುಟ್ಟಿದ ಭಾಗವೇ ಮೊದಲು ವಿಚಾರಣೆಗೆ ಬರಬೇಕು.

ರಕ್ತದೊತ್ತಡದ ಯಂತ್ರ

ಗಾಳಿ ಸೋರುತ್ತಿದೆಯೇ ಎಂದು ನೋಡಲು ಕೆಲವರು ಓಡುವ ಎಂಜಿನ್ನಿನ ಸಂಶಯದ ಜಾಗಕ್ಕೆ ಪೆಟ್ರೋಲ್ ಸಿಂಪಡಿಸಿ ಸದ್ದು ಬದಲಾಗುತ್ತದೆಯೇ ಎಂದು ಕೇಳುತ್ತಾರೆ. ಡೈನಮೊ ಕಡೆ ಇದನ್ನು ಮಾಡಲೇಬಾರದು. ಅಲ್ಲೇ ಪಾಯಿಂಟುಗಳು ಕಿಡಿ ಹಾರಿಸುತ್ತಿರುತ್ತವೆ. ನಿಂತ ಎಂಜಿನ್ನಿಗೆ ಒಳಗಿನಿಂದ ಗಾಳಿ ತುಂಬಿ ನೋಡುವುದು ಸುರಕ್ಷಿತ. ಅದಕ್ಕೆ ಬೇಕಾದ ಒತ್ತಡ ಬಹಳ ಕಡಿಮೆ, ಟೈರಿನ ಗಾಳಿ ಅಳೆಯುವ ಮಾನದಲ್ಲಿ ಸುಮಾರು 5ರಿಂದ 6 ಪಿಎಸ್‌ಐ. ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ಹಿಡಿದರೆ ಸೀಲೇ ಕಿತ್ತು ಬರಬಹುದು.

ಮೇಷ್ಟ್ರ ಹೆಂಡತಿ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವರು. ಮನೆಯಲ್ಲಿ ಮುಳ್ಳಿನ ಡಯಲ್ ಇರುವ ಹಳೆಯ ಬಿ.ಪಿ. ಯಂತ್ರವೊಂದಿತ್ತು, ತೋಳಿಗೆ ಸುತ್ತುವ ಪಟ್ಟಿ ಹರಿದಿತ್ತು. ಡಯಲ್ಲೂ ಕೈಯಲ್ಲಿ ಒತ್ತುವ ಬಲ್ಬೂ ಚೆನ್ನಾಗಿದ್ದವು. ಆ ಡಯಲ್ಲಿನ 300 ಎಂಬ ಗುರುತು ಪಾದರಸದ ಮಿಲಿಮೀಟರ್‌ಗಳಲ್ಲಿ, ಅಂದರೆ ಸುಮಾರು 5.8 ಪಿಎಸ್‌ಐ. ನಮಗೆ ಬೇಕಾದ ಅಳತೆಯೇ ಅದು.

ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು ಅದರೊಳಗೆ ಹಿತ್ತಾಳೆಯ ನಳಿಗೆ ಬೆಸೆದು ಲೇತ್ ಮಿಸ್ತ್ರಿ ಗಾಳಿ ತುಂಬುವ ಬಾಯಿ ಮಾಡಿಕೊಟ್ಟರು. ಕಾರ್ಬೊರೇಟರ್ ಮತ್ತು ಎರಡು ಸೈಲೆನ್ಸರ್ ಬಿಚ್ಚಿ, ಆ ಮೂರೂ ಬಾಯಿಗಳನ್ನು ಸೈಕಲ್ ಟ್ಯೂಬಿನ ತುಂಡು ಮತ್ತು ಕಬ್ಬಿಣದ ಪಟ್ಟಿಗಳಿಂದ ಮುಚ್ಚಿದೆವು. ಪಿಸ್ಟನ್ನನ್ನು ಪೂರ್ತಿ ಕೆಳಗಿಳಿಸಿ ನಿಲ್ಲಿಸಿದೆವು. ಆಗ ಪ್ಲಗ್ ತೂತಿನಿಂದ ತುಂಬಿದ ಗಾಳಿ ಪಕ್ಕದ ದಾರಿಗಳಿಂದ ಕ್ರ್ಯಾಂಕ್ ಪೆಟ್ಟಿಗೆಗೂ ಇಳಿಯುತ್ತದೆ.

ಎಂಜಿನ್ನಿಗೆ ಜೋಡಿಸುವ ಮೊದಲು ಯಂತ್ರವನ್ನೇ ಪರೀಕ್ಷಿಸಿದೆವು. ನಳಿಗೆಯ ತುದಿ ಬಿಗಿಯಾಗಿ ಮುಚ್ಚಿ 250ಕ್ಕೆ ಏರಿಸಿದಾಗ ಮುಳ್ಳು ಅಲ್ಲಾಡಲಿಲ್ಲ. ಇದನ್ನು ಬಿಟ್ಟರೆ ಮುಂದೆ ಕಾಣುವ ಸೋರಿಕೆ ಎಂಜಿನ್ನಿನದೋ ನಮ್ಮ ಕೊಳವೆಯದೋ ಎಂಬ ಜಗಳ ಉಳಿಯುತ್ತದೆ.

ಎಂಜಿನ್ನಿಗೆ ಜೋಡಿಸಿ 250ಕ್ಕೆ ಏರಿಸಿದೆವು. ಒಂದು ನಿಮಿಷದೊಳಗೆ ಮುಳ್ಳು ಅರ್ಧಕ್ಕಿಂತ ಕೆಳಗೆ ಬಂತು. ಅಳಿಯ ಬ್ರಷ್ಷಿನಿಂದ ಸೋಪಿನ ನೀರು ಹಚ್ಚುತ್ತ ಹೋದ. ಸಿಲಿಂಡರ್ ಬುಡದ ಪ್ಯಾಕಿಂಗಿನಲ್ಲಿ ಏನೂ ಇಲ್ಲ. ಕ್ರ್ಯಾಂಕ್ ಪೆಟ್ಟಿಗೆಯ ಎರಡು ಹೋಳು ಕೂಡುವ ಕಡೆಯೂ ಇಲ್ಲ. ಕಾರ್ಬೊರೇಟರ್ ಬಾಯಿಯ ಪಟ್ಟಿಯಲ್ಲಿ ನಾಲ್ಕಾರು ಗುಳ್ಳೆ, ಅದು ನಮ್ಮ ರಬ್ಬರಿನ ಸಡಿಲ, ಬಿಗಿ ಮಾಡಿದೊಡನೆ ನಿಂತಿತು. ಡೈನಮೊ ಕಳಚಿ ಸೀಲಿನ ಸುತ್ತ ನೀರು ಹಚ್ಚಿದಾಗ ಅಲ್ಲಿ ನೊರೆ ಉಕ್ಕಿ ಬಂತು. ಯಾರೂ ಏನೂ ವಿವರಿಸಬೇಕಾಗಲಿಲ್ಲ. ಲೇತ್ ಮಿಸ್ತ್ರಿ ಮೇಷ್ಟ್ರ ಭುಜದ ಮೇಲೆ ಕೈ ಇಟ್ಟರು.

ಏಕೆ ಸೋರಿತು

ಎಂಜಿನ್ ಬಿಚ್ಚಲು ಈಗ ಕಾರಣವಿತ್ತು. ಎರಡು ಜಾಮ್ ಕಂಡ ಕ್ರ್ಯಾಂಕ್ ತಿರುಚಿದೆಯೇ ಎಂದೂ ನೋಡಬೇಕಿತ್ತು. ಟೂ-ಸ್ಟ್ರೋಕ್ ಕ್ರ್ಯಾಂಕನ್ನು ತುಂಡುಗಳಾಗಿ ಒತ್ತಿ ಕೂರಿಸಿರುತ್ತಾರೆ, ಜಾಮ್ ಆದಾಗ ಅವು ಜರುಗಬಹುದು. ಡಯಲ್ ಗೇಜ್ ಹಿಡಿದು ತಿರುಗಿಸಿ ನೋಡಿದಾಗ ಅದು ನೇರವಾಗಿಯೇ ಇತ್ತು.

ಹೊರತೆಗೆದ ಸೀಲನ್ನು ಮೇಷ್ಟ್ರ ಕೈಗೆ ಕೊಟ್ಟು ಅದರ ತುಟಿಯನ್ನು ಉಗುರಿನಿಂದ ಬಾಗಿಸಿ ನೋಡಿ ಎಂದೆ. ಅದು ಬಾಗಲಿಲ್ಲ, ಒಂದು ಕಡೆ ಸೀಳಿತು. ರಬ್ಬರಿಗೆ ವಯಸ್ಸಾಗುವುದು ಬಳಕೆಯಿಂದ ಮಾತ್ರವಲ್ಲ. ಗಾಳಿ, ಶಾಖ, ಕಾಲ ಇವೇ ಅದನ್ನು ಗಡಸು ಮಾಡುತ್ತವೆ. ಬಿಸಿಲ ಊರಿನ ಅಟ್ಟದಲ್ಲಿ ದಶಕಗಳ ಕಾಲ ಕೂತ ಸೀಲು ಒಮ್ಮೆಯೂ ಶಾಫ್ಟ್ ಕಾಣದೆ ಮುದಿಯಾಗಿರುತ್ತದೆ. ಮಾರಿದವರು ಮೋಸ ಮಾಡಿರಲಿಲ್ಲ. ಡಬ್ಬಿ ನಿಜವಾಗಿಯೂ ಆ ಕಾಲದ್ದು, ಸೀಲೂ ಆ ಕಾಲದ್ದು. ತೊಂದರೆಯೂ ಅದೇ. ಹಳೆಯ ದಾಸ್ತಾನಿನ ಗೇರ್ ಚಕ್ರ, ಹ್ಯಾಂಡಲ್, ಲಿವರ್, ದೀಪದ ಬಟ್ಟಲು ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಬಹುದು. ಸೀಲು, ಪೆಟ್ರೋಲ್ ಪೈಪು, ಕಂಡೆನ್ಸರ್, ಟೈರು ಇವುಗಳಲ್ಲಿ ಅಸಲಿತನವನ್ನು ಹುಡುಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಸಣ್ಣ ಸಂಗತಿಯೂ ಕಂಡಿತು. ಹಳೆಯ ಸೀಲಿನ ತುಟಿ ಉಜ್ಜಿ ಉಜ್ಜಿ ಶಾಫ್ಟಿನ ಮೇಲೆ ನಯವಾದ ತಗ್ಗು ಬಿದ್ದಿತ್ತು, ಉಗುರಿಗೆ ತಗಲುವಷ್ಟು. ಹೊಸ ಸೀಲಿನ ತುಟಿಯೂ ಸರಿಯಾಗಿ ಅಲ್ಲಿಗೇ ಬರುತ್ತಿತ್ತು. ಗಡಸಾದ ರಬ್ಬರು ಆ ತಗ್ಗಿಗೆ ಒಗ್ಗಿಕೊಳ್ಳಲು ಆಗಲಿಲ್ಲ.

ಬದಲಿ ಸೀಲು ಸಿಕ್ಕಿದ್ದು ಅಕ್ಕಿ ಗಿರಣಿಗಳಿಗೆ ಬೇರಿಂಗ್ ಮಾರುವ ಅಂಗಡಿಯಲ್ಲಿ. ಆಯಿಲ್ ಸೀಲು ಗಾಡಿಯ ಹೆಸರಿನ ಮೇಲೆ ಮಾರುವ ವಸ್ತುವಲ್ಲ. ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರು ಅಳತೆ ಕೊಟ್ಟರೆ ಪಂಪಿಗೂ ಗಿರಣಿಗೂ ಬೈಕಿಗೂ ಒಂದೇ ಕಪಾಟಿನಿಂದ ಬರುತ್ತದೆ. ಶಾಫ್ಟನ್ನು ಎಣ್ಣೆ ಹಚ್ಚಿದ ನಯವಾದ ಎಮರಿ ಕಾಗದದಿಂದ ಉಜ್ಜಿದೆವು. ಸೀಲನ್ನು ಹಿಂದಿನ ಜಾಗಕ್ಕಿಂತ ಒಂದು ಮಿಲಿಮೀಟರಿನಷ್ಟು ಹೊರಗೆ ಕೂರಿಸಿದೆವು, ತುಟಿ ಸವೆಯದ ಕಡೆ ಬೀಳಲಿ ಎಂದು. ಶಾಫ್ಟಿನ ಚೂಪು ಅಂಚಿಗೆ ತುಟಿ ಹರಿಯದಂತೆ ನೀರಿನ ಬಾಟಲಿಯ ಪ್ಲಾಸ್ಟಿಕ್ಕನ್ನು ಸುರುಳಿ ಸುತ್ತಿ, ಎಣ್ಣೆ ಹಚ್ಚಿ, ಅದರ ಮೇಲಿಂದ ಜಾರಿಸಿದೆವು. ಎಡಗಡೆಯ ಸೀಲನ್ನೂ ಬದಲಿಸಿದೆವು, ಅದರದೂ ಅದೇ ಡಬ್ಬಿ, ಅದೇ ವಯಸ್ಸು.

ಜೋಡಿಸುವ ಜಾಗದ ಬಗ್ಗೆ ಒಂದು ಮಾತು. ಮೇಷ್ಟ್ರ ಶೆಡ್ಡಿಗೆ ಗಿರಣಿಗಳ ಕಡೆಯಿಂದ ಭತ್ತದ ಹೊಟ್ಟಿನ ಬೂದಿ ಹಾರಿ ಬರುತ್ತದೆ. ಬೆಂಚಿನ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಹೊಟ್ಟಿನ ಬೂದಿಯ ಬಹುಪಾಲು ಸಿಲಿಕಾ, ಎಂದರೆ ಉಜ್ಜುವ ಪುಡಿ. ಹಿಂದಿನ ಜೋಡಣೆಯಲ್ಲಿ ಬೇರಿಂಗುಗಳನ್ನು ಅಲ್ಲೇ ತೆರೆದಿಟ್ಟಿದ್ದರಂತೆ. ಈ ಸಲ ಕ್ರ್ಯಾಂಕ್ ಪೆಟ್ಟಿಗೆಯನ್ನು ನಡುಮನೆಯಲ್ಲಿ, ಒಗೆದ ಪಂಚೆಯ ಮೇಲೆ, ಫ್ಯಾನ್ ನಿಲ್ಲಿಸಿ ಜೋಡಿಸಿದೆವು. ಗಿರಣಿ ಊರುಗಳಲ್ಲಿ ಮನೆಯಲ್ಲೇ ಎಂಜಿನ್ ಕೆಲಸ ಮಾಡುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಸೈಲೆನ್ಸರ್ ಹಾಕುವ ಮೊದಲೇ ಮತ್ತೆ ಒತ್ತಡ ಏರಿಸಿದೆವು. ಐದು ನಿಮಿಷದಲ್ಲಿ ಮುಳ್ಳು ಕೂದಲೆಳೆಯಷ್ಟು ಇಳಿಯಿತು, ಅಷ್ಟೆ. ಬಿಗಿಯಾದ ಎಂಜಿನ್ನಿನಲ್ಲಿ ಕಾರ್ಬೊರೇಟರ್ ಹೊಂದಿಸುವುದು ಹೊಸ ಕೆಲಸ. ಹಳೆಯ ಜೆಟ್ಟಿಗೇ ಮರಳಿ ಪ್ಲಗ್ ಬಣ್ಣ ನೋಡುತ್ತ ಹೋದಾಗ, ಈಗಿನ ಪೆಟ್ರೋಲಿಗೆ ಒಂದು ಅಳತೆ ದೊಡ್ಡ ಜೆಟ್ ಬೇಕೆಂದೇ ತೀರ್ಮಾನವಾಯಿತು. ಎಥನಾಲಿನ ಊಹೆ ಸುಳ್ಳಾಗಿರಲಿಲ್ಲ, ಜಾಮ್‌ಗೆ ಅದು ಕಾರಣವಾಗಿರಲಿಲ್ಲ. ಎಕ್ಸಲರೇಟರ್ ಬಿಟ್ಟೊಡನೆ ಎಂಜಿನ್ ತಗ್ಗಿತು. ಅದನ್ನು ಮೊದಲು ಕೇಳಿಸಿಕೊಂಡವನೂ ಅಳಿಯನೇ.

ಕಾಗದಪತ್ರ

ನೋಂದಣಿಯ ಕಥೆ ಬೇರೆ. ಗಾಡಿ ನೋಂದಣಿಯಾದಾಗ ಕೊಪ್ಪಳ ಜಿಲ್ಲೆಯೇ ಇರಲಿಲ್ಲ, ಅದು ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ. ಹಾಗಾಗಿ ಹಳೆಯ ಕಡತದ ಜಾಡು ರಾಯಚೂರಿಗೆ ಹೋಯಿತು. ಮಾಲೀಕರು ತೀರಿಕೊಂಡಾಗ ವಾರಸುದಾರರು ನಮೂನೆ 31ರಲ್ಲಿ ಹೆಸರು ಬದಲಾವಣೆಗೆ, ಅವಧಿ ಮುಗಿದ ನೋಂದಣಿಯ ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಹಾಕಬೇಕು. ಖಾಸಗಿ ಗಾಡಿಗೆ ಮೊದಲ ನೋಂದಣಿ 15 ವರ್ಷ, ಆಮೇಲೆ ಪರಿಶೀಲನೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಣ. ಪಾರಂಪರಿಕ ವಾಹನಗಳಿಗೆಂದು 2021ರಲ್ಲಿ ಬಂದ ನಿಯಮ 50 ವರ್ಷ ದಾಟಿದವಕ್ಕೆ ಮಾತ್ರ, ಈ ಗಾಡಿಗೆ ಇನ್ನೂ ವಯಸ್ಸು ಸಾಲದು.

ಪರಿಶೀಲನೆಯ ದಿನ ಅಧಿಕಾರಿ ಮೊದಲು ಕೈಯಾಡಿಸಿದ್ದು ಹ್ಯಾಂಡಲ್ ಕತ್ತಿನ ಮೇಲೆ. ನಂಬರಿನ ಒಂದೊಂದು ಅಂಕಿಯೂ ಸ್ಪಷ್ಟವಾಗಿತ್ತು, ಬಿಚ್ಚುವ ಮೊದಲು ತೆಗೆದ ಪೆನ್ಸಿಲ್ ಅಚ್ಚಿಗೂ ಹಳೆಯ ಆರ್‌ಸಿ ಪುಸ್ತಕಕ್ಕೂ ತಾಳೆಯಾಯಿತು. ಪುಟ್ಟಿಯಲ್ಲಿ ನಂಬರ್ ಮುಚ್ಚಿಹೋಗಿ, ಉಜ್ಜಿ ತೆಗೆಯುವಾಗ ಅಳಿಸಿಹೋಗಿ, ತಿದ್ದಿದ್ದೀರಿ ಎಂಬ ಸಂಶಯಕ್ಕೆ ಸಿಲುಕಿದ ಗಾಡಿಗಳನ್ನು ನಾನು ಕಂಡಿದ್ದೇನೆ. ಎಂಜಿನ್ನನ್ನು ಮತ್ತೆ ಕಟ್ಟಬಹುದು, ಅಳಿಸಿದ ನಂಬರನ್ನು ಕಟ್ಟಲಾಗದು.

ಈಗಿನ ಸ್ಥಿತಿ

ಮೇಷ್ಟ್ರು ಗಾಡಿಯನ್ನು ವಾರಕ್ಕೆರಡು ದಿನ ಶಾಲೆಗೆ ಒಯ್ಯುತ್ತಾರೆ. ಗೇರ್ ಶಾಫ್ಟಿನ ಬಳಿ ಒಂದೆರಡು ಹನಿ ಎಣ್ಣೆ ಜಿನುಗುತ್ತದೆ. ಅದು ಗೇರ್ ಪೆಟ್ಟಿಗೆಯದು, ಕ್ರ್ಯಾಂಕ್ ಪೆಟ್ಟಿಗೆಗೆ ಸಂಬಂಧವಿಲ್ಲ, ಆದ್ದರಿಂದ ಸದ್ಯಕ್ಕೆ ಬಿಟ್ಟಿದ್ದೇವೆ. ಚಾಸಿಯ ಕೆಳಕೊಳವೆಗೆ ಮತ್ತೆ ಬಣ್ಣವಾಗಿದೆ. ನೋಟ್ ಪುಸ್ತಕದಲ್ಲಿ ಈಗ ಭಾಗಗಳ ಪಟ್ಟಿಗಿಂತ ಕಂಡದ್ದು, ಕೇಳಿದ್ದು ಹೆಚ್ಚು, ಅಳಿಯನ ಕೈಬರಹದಲ್ಲಿ.

ಲೇತ್ ಮಿಸ್ತ್ರಿ ಆರ್‌ಎಕ್ಸ್ 100, ರಾಜದೂತ್, ಯೆಜ್ಡಿ ಮೂರರ ಬಾಯಿಗಳಿಗೂ ಹೊಂದುವ ಮುಚ್ಚುಪಟ್ಟಿಗಳನ್ನು ಮಾಡಿಟ್ಟುಕೊಂಡಿದ್ದಾರೆ. ಜಾಮ್ ಆದ ಟೂ-ಸ್ಟ್ರೋಕ್ ಎಂಜಿನ್ ಬೋರ್‌ಗೆ ಬಂದರೆ, ಜೋಡಿಸಿದ ಮೇಲೆ ಗಾಳಿ ಪರೀಕ್ಷೆಗೆ ತರುವಂತೆ ಗಿರಾಕಿಗೆ ಹೇಳುತ್ತಾರೆ. ಬೇಡ ಎಂದವರ ಬಿಲ್ಲಿನ ಮೇಲೆ “ಸೀಲ್ ಪರೀಕ್ಷೆ ಆಗಿಲ್ಲ” ಎಂದು ಬರೆದು ಸಹಿ ತೆಗೆದುಕೊಳ್ಳುತ್ತಾರೆ.